ತೂಕಡಿಕೆ ಪತ್ತೆ ಮಾಡುವ ಕ್ಯಾಮೆರಾ: ಆರಿಸುವುದು, ಕೂರಿಸುವುದು, ಅದು ಕೂಗಿದಾಗ ಮಾಡಬೇಕಾದುದು

ಇಂಡಿ ತಾಲ್ಲೂಕಿನ ನಿಂಬೆಯನ್ನೋ ತಿಕೋಟಾ ಭಾಗದ ದ್ರಾಕ್ಷಿಯನ್ನೋ ಹೇರಿಕೊಂಡು ರಾತ್ರಿ ಎಂಟರ ಸುಮಾರಿಗೆ ವಿಜಯಪುರ ಬಿಡುವ ಲಾರಿ, ನಿಡಗುಂದಿ, ಹುನಗುಂದ, ಇಳಕಲ್, ಕುಷ್ಟಗಿಗಳನ್ನು ದಾಟಿ, ಹೊಸಪೇಟೆಯನ್ನು ಹಿಂದೆ ಹಾಕಿ ಚಿತ್ರದುರ್ಗದ ಕಡೆ ಸಾಗುವ ಹೊತ್ತಿಗೆ ಬೆಳಗಿನ ಜಾವ ಎರಡೋ ಮೂರೋ ಆಗಿರುತ್ತದೆ. ರಾಷ್ಟ್ರೀಯ ಹೆದ್ದಾರಿ 50 ಅಗಲವಾಗಿದೆ, ಬಹುಪಾಲು ನೇರವಾಗಿದೆ, ಚಾಲಕನ ಕೈಗೂ ಕಣ್ಣಿಗೂ ಅಲ್ಲಿ ಹೆಚ್ಚು ಕೆಲಸವಿಲ್ಲ. ಮನುಷ್ಯನ ದೇಹ ನಿದ್ದೆಯನ್ನು ಅತ್ಯಂತ ಬಲವಾಗಿ ಬೇಡುವ ವೇಳೆಯೂ ಅದೇ ಆಗಿದೆ. ಬೆಳಿಗ್ಗೆ ಆರಕ್ಕೆ ಎದ್ದು, ಹಗಲೆಲ್ಲ ತೋಟದಲ್ಲಿ ಮಾಲು ತುಂಬುವುದನ್ನು ಕಾಯುತ್ತ ಕುಳಿತ ಚಾಲಕ ಆಗ ಇಪ್ಪತ್ತು ಗಂಟೆಗಳಿಂದ ಎಚ್ಚರವಿರುತ್ತಾನೆ. ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆಯು ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರ ಇದ್ದವರ ಮಟ್ಟಕ್ಕೆ ಕುಸಿದಿತ್ತು. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕನಿಗೆ ಹಾಕಿರುವ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ, ಅಂದರೆ ಶೇ. 0.03. ಹನಿ ಮದ್ಯ ಮುಟ್ಟದ ಚಾಲಕನೂ ನಿದ್ದೆಗೆಟ್ಟರೆ ಆ ಮಿತಿಯನ್ನು ಮೀರಿದವನಂತೆಯೇ ಗಾಡಿ ಓಡಿಸುತ್ತಿರುತ್ತಾನೆ.

ತೂಕಡಿಕೆಯನ್ನು ಗುರುತಿಸಿ ಕೂಗಿ ಹೇಳುವ ಸಾಧನಗಳು ಈಗ ಜಿಲ್ಲೆಯ ಊರುಗಳಲ್ಲಿಯೂ ಸಿಗುತ್ತಿವೆ. ಒಂದೆರಡು ಗಾಡಿ ಇಟ್ಟುಕೊಂಡವರು, ಯಾತ್ರೆಗೆ ಕ್ರೂಸರ್ ಜೀಪು ಬಾಡಿಗೆಗೆ ಬಿಡುವವರು, ರಾತ್ರಿ ಸ್ವಂತ ಕಾರಿನಲ್ಲಿ ದೂರದ ಪ್ರಯಾಣ ಮಾಡುವವರು ಅವನ್ನು ಹೇಗೆ ಆರಿಸಬೇಕು, ಎಲ್ಲಿ ಕೂರಿಸಬೇಕು, ಹೇಗೆ ಹೊಂದಿಸಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುವುದು ಅಗತ್ಯ. ಯಾವ ಸಾಧನವೂ ನಿದ್ದೆ ಬಂದವನನ್ನು ಊರು ಮುಟ್ಟುವವರೆಗೆ ಎಚ್ಚರವಾಗಿ ಇಡಲಾರದು. ಗಾಡಿ ನಿಲ್ಲಿಸುವ ಸಮಯ ಬಂದಿದೆ ಎಂದು ಹೇಳುವಷ್ಟೇ ಅದರ ಶಕ್ತಿ. ಹೇಳಿದ ಮೇಲೆ ಚಾಲಕ ನಿಜವಾಗಿಯೂ ನಿಲ್ಲಿಸುವಂತೆ ಏರ್ಪಾಡು ಮಾಡುವುದು ಮಾಲೀಕನ ಕೆಲಸ, ಮತ್ತು ಆ ಏರ್ಪಾಡು ಸಾಧನವನ್ನು ಕೊಳ್ಳುವ ಮುನ್ನವೇ ಆಗಿರಬೇಕು.

ಸಾಧನ ಏನನ್ನು ನೋಡುತ್ತದೆ

ಈ ಸಾಧನಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದು ಬಗೆ ಚಾಲಕನ ಮುಖವನ್ನು ನೋಡುವುದೇ ಇಲ್ಲ. ಸ್ಟೇರಿಂಗ್ ತಿರುಗುವ ರೀತಿಯಿಂದ, ಇಲ್ಲವೇ ರಸ್ತೆಯ ಬಿಳಿ ಗೆರೆಗಳ ನಡುವೆ ಗಾಡಿ ಸಾಗುವ ರೀತಿಯಿಂದ ಅವನ ಸ್ಥಿತಿಯನ್ನು ಊಹಿಸುತ್ತದೆ. ಎಚ್ಚರವಿರುವವನು ಸ್ಟೇರಿಂಗನ್ನು ಸಣ್ಣ ಸಣ್ಣದಾಗಿ ತಿದ್ದುತ್ತಲೇ ಇರುತ್ತಾನೆ. ಜೊಂಪು ಹತ್ತಿದವನು ಕೆಲವು ಕ್ಷಣ ತಿದ್ದುವುದನ್ನೇ ಬಿಟ್ಟು, ಆಮೇಲೆ ಒಮ್ಮೆಲೇ ಜೋರಾಗಿ ಎಳೆಯುತ್ತಾನೆ. ವೋಲ್ವೋ 2007ರಲ್ಲಿ ಗೆರೆ ನೋಡುವ ವ್ಯವಸ್ಥೆಯನ್ನೂ, ಮರ್ಸಿಡಿಸ್ 2009ರಲ್ಲಿ ಸ್ಟೇರಿಂಗ್ ಆಧರಿಸಿದ ವ್ಯವಸ್ಥೆಯನ್ನೂ ತಮ್ಮ ಕಾರುಗಳಲ್ಲಿ ತಂದವು. ನಿಮ್ಮ ಕಾರಿನ ಮೀಟರ್ ಫಲಕದಲ್ಲಿ ಕಾಫಿ ಕಪ್ಪಿನ ಚಿತ್ರ ಮೂಡಿ ವಿಶ್ರಾಂತಿ ಪಡೆಯಲು ಸೂಚಿಸುತ್ತದೆ ಎಂದಾದರೆ ಅದು ಸಾಮಾನ್ಯವಾಗಿ ಈ ಬಗೆಯದು. ಮರ್ಸಿಡಿಸ್‌ನ ಮೊದಲ ವ್ಯವಸ್ಥೆ ಗಂಟೆಗೆ 80 ಕಿಲೋಮೀಟರ್ ದಾಟಿದ ಮೇಲೆಯೇ ಕೆಲಸ ಆರಂಭಿಸುತ್ತಿತ್ತು. ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಹೋಗುವ ಹೆದ್ದಾರಿಯಲ್ಲಿ ಇದು ಉಪಯೋಗಕ್ಕೆ ಬಂದೀತು. ಆದರೆ ಗೆರೆ ಮಾಸಿದ, ತಗ್ಗು ತಪ್ಪಿಸುತ್ತಲೇ ಓಡಿಸಬೇಕಾದ ಒಳರಸ್ತೆಗಳಲ್ಲಿ ಸ್ಟೇರಿಂಗ್ ಯಾವಾಗಲೂ ಹೊಯ್ದಾಡುತ್ತಿರುವುದರಿಂದ, ಅದರ ಲೆಕ್ಕಕ್ಕೆ ಅಲ್ಲಿ ಆಧಾರವಿರುವುದಿಲ್ಲ.

ಎರಡನೆಯ ಬಗೆ ಕ್ಯಾಮೆರಾ. ಲಾರಿ, ಬಸ್ಸು, ಕ್ರೂಸರ್‌ಗಳಿಗೆ ಹೊರಗಿನಿಂದ ತಂದು ಕೂರಿಸಲು ಯೋಗ್ಯವಾದುದು ಇದೇ, ಆದುದರಿಂದ ಇನ್ನು ಮುಂದಿನ ವಿವರಣೆಯೆಲ್ಲ ಇದನ್ನು ಕುರಿತದ್ದು. ಕ್ಯಾಮೆರಾದ ಪಕ್ಕದಲ್ಲಿರುವ ಪುಟ್ಟ ದೀಪಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಮುಖದ ಮೇಲೆ ಚೆಲ್ಲುವುದರಿಂದ, ಕ್ಯಾಬಿನ್ ಪೂರ್ತಿ ಕತ್ತಲಾಗಿದ್ದರೂ ರೆಪ್ಪೆಗಳು ಅದಕ್ಕೆ ಕಾಣುತ್ತವೆ. ಸಾಫ್ಟ್‌ವೇರ್ ಮುಖದಲ್ಲಿ ಕಣ್ಣು, ಬಾಯಿ, ಮೂಗಿನ ಅಂಚುಗಳನ್ನು ಚುಕ್ಕೆಗಳಾಗಿ ಗುರುತಿಸಿ, ಮೇಲಿನ ಮತ್ತು ಕೆಳಗಿನ ರೆಪ್ಪೆಗಳ ನಡುವಿನ ಅಂತರವನ್ನು ಕಣ್ಣಿನ ಅಗಲದೊಂದಿಗೆ ಹೋಲಿಸುತ್ತದೆ. ಸಾಮಾನ್ಯವಾಗಿ ರೆಪ್ಪೆ ಬಡಿಯಲು ಹಿಡಿಯುವುದು 0.1ರಿಂದ 0.4 ಸೆಕೆಂಡು. ದಣಿವು ಏರಿದಂತೆ ಬಡಿತ ನಿಧಾನವಾಗುತ್ತದೆ, ರೆಪ್ಪೆ ಇಳಿದಲ್ಲಿಯೇ ಉಳಿಯುತ್ತದೆ.

ಈ ಕ್ಷೇತ್ರದಲ್ಲಿ ಹೆಚ್ಚು ನಂಬಿಕೆ ಗಳಿಸಿದ ಅಳತೆಗೆ ಪರ್ಕ್ಲೋಸ್ ಎಂದು ಹೆಸರು. ಅಮೆರಿಕದ ವಿಯರ್‌ವಿಲ್ ಮತ್ತು ಸಂಗಡಿಗರು 1994ರಲ್ಲಿ ಇದನ್ನು ಮುಂದಿಟ್ಟರು. ಒಂದು ನಿಶ್ಚಿತ ಅವಧಿಯಲ್ಲಿ ರೆಪ್ಪೆಯು ಪಾಪೆಯ ಶೇ. 80 ಅಥವಾ ಅದಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಿದ್ದ ಸಮಯದ ಪಾಲು ಎಷ್ಟು ಎಂಬುದೇ ಆ ಅಳತೆ. ಒಂದು ನಿಮಿಷದಲ್ಲಿ ಒಟ್ಟು 9 ಸೆಕೆಂಡು ಹಾಗೆ ಮುಚ್ಚಿದ್ದರೆ ಶೇ. 15 ಆಯಿತು. ಚಾಲಕ ಆಗಲೂ ತಾನು ರಸ್ತೆ ನೋಡುತ್ತಲೇ ಇದ್ದೇನೆ ಎಂದೇ ತಿಳಿದಿರುತ್ತಾನೆ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಮೂರು ಸೆಕೆಂಡು ಕಣ್ಣು ಹತ್ತಿದರೆ 66 ಮೀಟರ್ ದಾರಿ ಯಾರ ನೋಟಕ್ಕೂ ಬೀಳದೆ ಕಳೆದುಹೋಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹಿಂದಿನ ದೀಪವೂ ಪ್ರತಿಫಲಕವೂ ಇಲ್ಲದ ಟ್ರ್ಯಾಲಿಯೊಂದು ಎಡಬದಿಯಲ್ಲಿ ನಿಂತಿರಲು ಅಷ್ಟು ದೂರ ಸಾಕು.

ಆಕಳಿಕೆ, ತಲೆ ವಾಲುವುದು, ನೋಟ ಬಹಳ ಹೊತ್ತು ಪಕ್ಕಕ್ಕೆ ಸರಿಯುವುದು, ಇವೂ ಸಾಧನದ ಲೆಕ್ಕಕ್ಕೆ ಸೇರುತ್ತವೆ. ಆದರೆ ಇವುಗಳ ತೂಕ ಬೇರೆ ಬೇರೆ. ಆಕಳಿಕೆ ತೀರ ಬೇಗ ಬರುವ ಸೂಚನೆ, ಬಹಳ ಸಲ ಹುಸಿ. ತಲೆ ವಾಲುವುದು ತೀರ ತಡವಾಗಿ ಬರುವ ಸೂಚನೆ. ಕುತ್ತಿಗೆ ಸಡಿಲಾಗುವ ಹೊತ್ತಿಗೆ ನಿದ್ದೆ ಬಂದಾಗಿರುತ್ತದೆ. ಕಿವಿಗೆ ಸಿಕ್ಕಿಸಿಕೊಳ್ಳುವ, ತಲೆ ಬಾಗಿದರೆ ಕಿರುಗುಡುವ ಅಗ್ಗದ ಸಾಧನಗಳನ್ನು ನಾನು ಯಾರಿಗೂ ಸೂಚಿಸದಿರಲು ಕಾರಣ ಇದೇ.

ಕೊಳ್ಳುವ ಮುನ್ನ ಕೇಳಬೇಕಾದುದು

ಅಂಗಡಿಯಲ್ಲಿ ಎರಡು ಕಣ್ಣಿನ ಡ್ಯಾಶ್‌ಕ್ಯಾಮ್ ತೋರಿಸಿ, ಒಳಗಿನ ಕ್ಯಾಮೆರಾ ಚಾಲಕನನ್ನು ನೋಡುತ್ತದೆ ಎಂದು ಹೇಳುವುದುಂಟು. ಬರೀ ಚಿತ್ರೀಕರಿಸುವ ಕ್ಯಾಮೆರಾ ಅಪಘಾತವಾದ ಮೇಲೆ ಸಾಕ್ಷಿ ಹೇಳೀತು, ಅದಕ್ಕೂ ಮುನ್ನ ಅದು ಬಾಯಿ ಬಿಡುವುದಿಲ್ಲ. ರೆಪ್ಪೆ ಮುಚ್ಚಿದ್ದನ್ನು ಅದು ತಾನೇ ಗುರುತಿಸಿ ಅಲ್ಲಿಯೇ ಎಚ್ಚರಿಸುತ್ತದೆಯೇ ಎಂದು ಕೇಳಿ, ಅಂಗಡಿಯಲ್ಲಿಯೇ ಕಣ್ಣು ಮುಚ್ಚಿ ನೋಡಿ. ಲೆಕ್ಕವೆಲ್ಲ ಸಾಧನದೊಳಗೇ ಆಗಬೇಕು. ಮೊಬೈಲ್ ನೆಟ್‌ವರ್ಕ್ ಮೂಲಕ ಸರ್ವರ್‌ಗೆ ಕಳುಹಿಸಿ ಉತ್ತರ ತರುವ ಸಾಧನ, ಸಿಗ್ನಲ್ ಇಲ್ಲದ ಜಾಗದಲ್ಲಿ ಇದ್ದೂ ಇಲ್ಲದಂತೆ.

ವಿದ್ಯುತ್ತಿನ ವಿಷಯದಲ್ಲಿ ಅವಸರ ಬೇಡ. ಕಾರು, ಕ್ರೂಸರ್‌ಗಳದು 12 ವೋಲ್ಟ್. ದೊಡ್ಡ ಲಾರಿ, ಬಸ್ಸುಗಳದು 24 ವೋಲ್ಟ್. 12 ವೋಲ್ಟಿಗೆ ಮಾತ್ರ ಮಾಡಿದ ಸಾಧನವನ್ನು ಲಾರಿಗೆ ಜೋಡಿಸಿದರೆ ಸುಟ್ಟುಹೋಗುತ್ತದೆ. ಎರಡನ್ನೂ ತಾಳುವ ಸಾಧನವೇ ಲೇಸು. ಇನ್‌ಫ್ರಾರೆಡ್ ದೀಪದ ಬೆಳಕಿನ ತರಂಗದ ಉದ್ದ 940 ನ್ಯಾನೋಮೀಟರೇ ಎಂದು ವಿಚಾರಿಸಿ. 850ರ ದೀಪ ಕತ್ತಲಲ್ಲಿ ಮಂದ ಕೆಂಪಾಗಿ ಕಂಡು ಚಾಲಕನನ್ನು ಕಾಡುತ್ತದೆ. 940 ಕಣ್ಣಿಗೆ ಕಾಣುವುದಿಲ್ಲ; ಮೇಲಾಗಿ ಆ ತರಂಗದ ಬಿಸಿಲನ್ನು ಗಾಳಿಯಲ್ಲಿರುವ ನೀರಾವಿ ಬಹಳಷ್ಟು ಹೀರಿಕೊಳ್ಳುವುದರಿಂದ ಹಗಲಿನಲ್ಲಿಯೂ ಕ್ಯಾಮೆರಾಕ್ಕೆ ಗೊಂದಲ ಕಡಿಮೆ. ಬೇಸಿಗೆಯಲ್ಲಿ ನಮ್ಮಲ್ಲಿ ಹೊರಗಿನ ತಾಪವೇ 40 ಡಿಗ್ರಿ ದಾಟುವಾಗ, ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಮುಟ್ಟಲಾಗದಷ್ಟು ಕಾಯುತ್ತದೆ. ಒಳಗೆ ಲಿಥಿಯಂ ಬ್ಯಾಟರಿ ಇರುವ ಸಾಧನ ಆ ಕಾವಿಗೆ ಉಬ್ಬುವ ಅಪಾಯವಿದೆ. ಬ್ಯಾಟರಿಯ ಬದಲು ವಿದ್ಯುತ್ತನ್ನು ಹಿಡಿದಿಡುವ ಸೂಪರ್ ಕೆಪ್ಯಾಸಿಟರ್ ಎಂಬ ಬಿಡಿಭಾಗ ಇರುವುದನ್ನು ಆರಿಸಿಕೊಳ್ಳಿ.

ಮಾನದಂಡದ ಪ್ರಶ್ನೆಯೂ ಇದೆ. ಚಾಲಕನ ತೂಕಡಿಕೆ ಮತ್ತು ಗಮನದ ಎಚ್ಚರಿಕೆ ವ್ಯವಸ್ಥೆಗಳಿಗೆಂದೇ ನಮ್ಮ ದೇಶದಲ್ಲಿ ಎಐಎಸ್-184 ಎಂಬ ಮಾನದಂಡ ರೂಪುಗೊಂಡಿದೆ. ಬಸ್ಸು, ಲಾರಿಗಳಲ್ಲಿ ಇಂಥ ವ್ಯವಸ್ಥೆಯನ್ನು ಕಡ್ಡಾಯಗೊಳಿಸುವ ಕರಡು ಅಧಿಸೂಚನೆಯನ್ನು ಕೇಂದ್ರ ಸಾರಿಗೆ ಸಚಿವಾಲಯವು 2025ರಲ್ಲಿ ಹೊರಡಿಸಿತು. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈನಿಂದ ನೋಂದಣಿಯಾಗುವ ಎಲ್ಲ ಹೊಸ ಕಾರು, ಬಸ್ಸು, ಲಾರಿಗಳಲ್ಲಿ ತೂಕಡಿಕೆ ಎಚ್ಚರಿಕೆ ಇರಲೇಬೇಕು. ಹಳೆಯ ಗಾಡಿಗೆ ನೀವೇ ಕೂರಿಸುವ ಸಾಧನವು ಯಾವ ಮಾನದಂಡಕ್ಕೆ ಪರೀಕ್ಷೆಯಾಗಿದೆ ಎಂಬುದನ್ನು ಮಾರುವವರಿಂದ ಬರಹದಲ್ಲಿ ಪಡೆಯಿರಿ. ಉತ್ತರ ಕೊಡಲು ಹಿಂದೆಮುಂದೆ ನೋಡುವವರು ಕೆಟ್ಟುಹೋದಾಗ ದುರಸ್ತಿಗೂ ಸಿಗುವುದು ಕಷ್ಟ.

ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ವೆಬ್‌ಕ್ಯಾಮ್ ಜೋಡಿಸಿ ಇಂಥ ಯಂತ್ರವನ್ನು ಪ್ರಾಜೆಕ್ಟಿಗಾಗಿ ಮಾಡುವುದುಂಟು. ಪ್ರತಿ ಕಣ್ಣಿನ ಸುತ್ತ ಆರು ಚುಕ್ಕೆ ಇಟ್ಟು ತೆರವನ್ನು ಅಳೆಯುವ, ಜೆಕ್ ಸಂಶೋಧಕರು 2016ರಲ್ಲಿ ತೋರಿಸಿದ ವಿಧಾನ ಅದಕ್ಕೆ ಆಧಾರ. ತತ್ವ ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ, ಮಕ್ಕಳು ಅದನ್ನು ಮಾಡಲಿ. ಆದರೆ ಸಾಮಾನ್ಯ ವೆಬ್‌ಕ್ಯಾಮ್‌ಗೆ ಕತ್ತಲಲ್ಲಿ ಕಣ್ಣಿಲ್ಲ, ದುಡಿಯುವ ಗಾಡಿಯ ರಾತ್ರಿ ಕೆಲಸವನ್ನು ಅದರ ಮೇಲೆ ಬಿಡುವಂತಿಲ್ಲ.

ಕ್ಯಾಬಿನ್ ಇಲ್ಲದ ಕಬ್ಬಿನ ಟ್ರ್ಯಾಕ್ಟರಿಗೆ ಈ ಯಾವುದೂ ಹೊಂದುವುದಿಲ್ಲ. ಧೂಳು, ಗಾಳಿ, ಅಲುಗಾಟ, ಮುಖಕ್ಕೆ ಸುತ್ತಿದ ಟವೆಲ್, ಎಲ್ಲವೂ ಕ್ಯಾಮೆರಾಕ್ಕೆ ವಿರುದ್ಧ. ಹೆಚ್ಚಿನ ಸಾಧನಗಳು ಗಾಡಿ ಒಂದು ಕನಿಷ್ಠ ವೇಗ ದಾಟಿದ ಮೇಲೆಯೇ ಎಚ್ಚರಿಸುತ್ತವೆ. ಎರಡು ಟ್ರ್ಯಾಲಿ ಎಳೆಯುವ ಟ್ರ್ಯಾಕ್ಟರ್ ಆ ವೇಗವನ್ನು ಮುಟ್ಟದಿರಬಹುದು. ಕಾರ್ಖಾನೆಯ ಮುಂದೆ ರಾತ್ರಿಯಿಡೀ ಪಾಳಿ ಕಾಯುವ ಆ ಚಾಲಕರಿಗೆ ಬೇಕಾದುದು ಮಲಗಲು ಜಾಗ ಮತ್ತು ಪಾಳಿಯ ಖಚಿತ ಸಮಯ. ಕಾರ್ಖಾನೆಗಳು ಮನಸ್ಸು ಮಾಡಿದರೆ ಅದನ್ನು ಕೊಡುವುದು ಕಷ್ಟವಲ್ಲ.

ಕೂರಿಸುವ ಜಾಗ

ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇರಬೇಕು. ಹಿಂಬದಿ ಕನ್ನಡಿಯ ಹತ್ತಿರ, ಮೇಲಿನಿಂದ ನೋಡುವಂತೆ ಕೂರಿಸಿದರೆ ಚಾಲಕ ಮೀಟರ್ ನೋಡಲು ಕಣ್ಣು ತಗ್ಗಿಸಿದಾಗಲೆಲ್ಲ ರೆಪ್ಪೆ ಮುಚ್ಚಿದಂತೆ ಕಾಣುತ್ತದೆ, ಸಾಧನ ಸುಮ್ಮಸುಮ್ಮನೆ ಕೂಗುತ್ತದೆ. ಮುಖದಿಂದ 60ರಿಂದ 100 ಸೆಂಟಿಮೀಟರ್ ದೂರದಲ್ಲಿ, ಆದಷ್ಟು ಎದುರಿಗೆ ಇರಲಿ. ಕಾರಿನಲ್ಲಿ ಸ್ಟೇರಿಂಗ್‌ನ ಹಿಂದೆ, ಮೀಟರ್ ಫಲಕದ ಮೇಲಂಚು ಸಾಮಾನ್ಯವಾಗಿ ಸರಿಹೊಂದುತ್ತದೆ. ಲಾರಿಯ ಸ್ಟೇರಿಂಗ್ ದೊಡ್ಡದು, ಅಡ್ಡಲಾಗಿ ಮಲಗಿದಂತಿರುತ್ತದೆ. ಅದರ ಚಕ್ರ ಮುಖಕ್ಕೆ ಅಡ್ಡ ಬರದಂತೆ ಡ್ಯಾಶ್‌ಬೋರ್ಡಿನ ಮೇಲೆ ಸ್ಟೇರಿಂಗ್‌ನ ಎಡಪಕ್ಕಕ್ಕೆ ಸರಿಸಬೇಕಾಗುತ್ತದೆ. ಬಲಗಡೆಯ ಕಂಬಕ್ಕೆ ಕೂರಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಬಲಗನ್ನಡಿ ನೋಡುವ ನೋಟಕ್ಕೆ ಅಡ್ಡವಾಗದಂತೆ ನೋಡಿಕೊಳ್ಳಿ. ಏರ್‌ಬ್ಯಾಗ್ ಇರುವ ಮುಚ್ಚಳದ ಮೇಲೆ ಏನನ್ನೂ ಅಂಟಿಸಬಾರದು. ಅದು ತೆರೆದುಕೊಳ್ಳುವಾಗ ಸಾಧನ ನೇರವಾಗಿ ಮುಖಕ್ಕೆ ಬಂದು ಬಡಿಯುತ್ತದೆ.

ದಿಕ್ಕಿನ ವಿಚಾರವನ್ನು ಕೂರಿಸುವವರು ಕಡೆಗಣಿಸುವುದೇ ಹೆಚ್ಚು. ನಮ್ಮ ಚಾಲಕರು ಬಲಬದಿಗೆ ಕೂಡುತ್ತಾರೆ. ಬೆಳಿಗ್ಗೆ ವಿಜಯಪುರದಿಂದ ಉತ್ತರಕ್ಕೆ, ಸೊಲ್ಲಾಪುರದ ಕಡೆ ಹೊರಟರೆ ಏರುವ ಸೂರ್ಯ ನೇರವಾಗಿ ಬಲಗೆನ್ನೆಯ ಮೇಲೆ ಬೀಳುತ್ತಾನೆ. ಅರ್ಧ ಮುಖ ಉರಿಯುವಷ್ಟು ಬೆಳಗಿ, ಅರ್ಧ ಮುಖ ಕಪ್ಪಾಗಿ, ಸಾಧಾರಣ ಕ್ಯಾಮೆರಾ ಬಲಗಣ್ಣನ್ನು ಕಳೆದುಕೊಳ್ಳುತ್ತದೆ. ಅಥಣಿಯಿಂದ ತಿಕೋಟಾ ಮೇಲೆ ವಿಜಯಪುರಕ್ಕೆ ಬೆಳಿಗ್ಗೆ ಬರುವವನಿಗೆ ಸೂರ್ಯ ಎದುರಿಗೇ ಇರುತ್ತಾನೆ, ಅವನು ಕಣ್ಣು ಕಿರಿದು ಮಾಡಿದ್ದನ್ನು ಸಾಧನ ತೂಕಡಿಕೆ ಎಂದು ಓದಿಕೊಳ್ಳಬಹುದು. ನಿಮ್ಮ ಗಾಡಿ ಹೆಚ್ಚಾಗಿ ಓಡುವ ದಾರಿಯಲ್ಲಿ, ಹೆಚ್ಚಾಗಿ ಓಡುವ ವೇಳೆಯಲ್ಲಿಯೇ ಒಮ್ಮೆ ಪರೀಕ್ಷಿಸಿ, ಆಮೇಲೆ ಜಾಗವನ್ನು ಪಕ್ಕಾ ಮಾಡಿ.

ವೈರಿಂಗ್ ತಿಳಿದ ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲಿಯೇ ಆಗಲಿ. ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ತಂತಿಗೆ, ಪ್ರತ್ಯೇಕ ಫ್ಯೂಸ್ ಹಾಕಿ ಜೋಡಿಸಬೇಕು. ಹೊಸ ಗಾಡಿಯಾದರೆ ಕಂಪನಿಯ ತಂತಿಯನ್ನು ಕತ್ತರಿಸದೆ, ಫ್ಯೂಸ್ ಪೆಟ್ಟಿಗೆಯಿಂದ ಕವಲು ತೆಗೆಯುವ ಜೋಡಣೆ ಸಿಗುತ್ತದೆ. ಕತ್ತರಿಸಿದ ಕಾರಣಕ್ಕೆ ವಾರಂಟಿ ತಿರಸ್ಕೃತವಾಗುವುದನ್ನು ಅದು ತಪ್ಪಿಸುತ್ತದೆ.

ಹೊಂದಿಸುವುದು ಮತ್ತು ಪರೀಕ್ಷಿಸುವುದು

ಕೂರಿಸಿದ ದಿನವೇ ಚಾಲಕನನ್ನು ಅವನು ರೂಢಿಯಲ್ಲಿ ಕೂಡುವಂತೆಯೇ ಕೂರಿಸಿ, ಸೀಟು ಅವನ ಅಳತೆಗೆ ಸರಿಸಿ, ರಸ್ತೆ ನೋಡುವಂತೆ ನೇರವಾಗಿ ನೋಡಲು ಹೇಳಿ ಸಾಧನಕ್ಕೆ ಅವನ ಮುಖವನ್ನು ಪರಿಚಯಿಸಬೇಕು. ಕಣ್ಣುಗಳು ಎಲ್ಲರವೂ ಒಂದೇ ಅಲ್ಲ. ಸಣ್ಣ ಕಣ್ಣಿನವರನ್ನೂ ರೆಪ್ಪೆ ಜೋತ ಹಿರಿಯರನ್ನೂ, ಹೊಂದಿಸದ ಸಾಧನ ಹೊರಟ ಗಳಿಗೆಯಿಂದಲೇ ನಿದ್ದೆಯವರೆಂದು ತಿಳಿಯುತ್ತದೆ. ಇಬ್ಬರು ಚಾಲಕರು ಪಾಳಿಯಲ್ಲಿ ಓಡಿಸುವ ಗಾಡಿಯಲ್ಲಿ, ಮುಖ ಗುರುತಿಸಿ ಅಳತೆಯನ್ನು ತಾನೇ ಬದಲಿಸಿಕೊಳ್ಳುವ ಸಾಧನವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಪ್ರತಿ ಪಾಳಿಯಲ್ಲೂ ಮರಳಿ ಹೊಂದಿಸುವ ರೂಢಿ ಮಾಡಿಸಿ.

ಪರೀಕ್ಷೆ ಮಾಡುವುದು ನಿಂತ ಗಾಡಿಯಲ್ಲಿ ಮಾತ್ರ. ಸಾಧನದ ಸೆಟ್ಟಿಂಗಿನಲ್ಲಿ ವೇಗದ ಮಿತಿಯನ್ನು ತಾತ್ಕಾಲಿಕವಾಗಿ ಸೊನ್ನೆ ಮಾಡಬಹುದು, ಅಥವಾ ಕೃತಕ ವೇಗ ಕೊಡುವ ಪರೀಕ್ಷಾ ಸ್ಥಿತಿ ಇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಕಣ್ಣು ಮುಚ್ಚಿ ಎಷ್ಟು ಸೆಕೆಂಡಿಗೆ ಕೂಗುತ್ತದೆ ನೋಡಿ. ಎರಡು ಸೆಕೆಂಡಿನ ಆಸುಪಾಸಿನಲ್ಲಿ ಕೂಗದ ಸಾಧನ ಹೆದ್ದಾರಿಗೆ ತಡವಾಯಿತು ಎಂದೇ ನಾನು ಹೇಳುವೆ. ಇದನ್ನೇ ರಾತ್ರಿ, ಕ್ಯಾಬಿನ್ ದೀಪ ಆರಿಸಿ ಮಾಡಿ. ಕನ್ನಡಕ ಹಾಕುವವರಿದ್ದರೆ ಹಾಕಿಕೊಂಡು ಮಾಡಿ. ತಂಪು ಕನ್ನಡಕಗಳಲ್ಲಿ ಕೆಲವು ಇನ್‌ಫ್ರಾರೆಡ್ ಬೆಳಕನ್ನೂ ತಡೆಯುತ್ತವೆ, ಆಗ ಸಾಧನ ಕಣ್ಣು ಕಾಣುತ್ತಿಲ್ಲ ಎಂದಾದರೂ ತಿಳಿಸಬೇಕು. ಮುಂದಕ್ಕೆ ಬಾಗಿದ ಟೊಪ್ಪಿಗೆಯ ಅಂಚು, ಚಳಿಗೆ ತಲೆಗೂ ಕೆನ್ನೆಗೂ ಸೇರಿಸಿ ಕಟ್ಟಿದ ಟವೆಲ್, ಇವನ್ನೂ ಬಿಡದೆ ಪರೀಕ್ಷಿಸಿ. ದೀಪ ಉರಿಯುತ್ತಿದೆಯೇ ಎಂದು ಬರಿಗಣ್ಣಿಗೆ ತಿಳಿಯದಿದ್ದರೆ, ಮೊಬೈಲಿನ ಮುಂಬದಿ ಕ್ಯಾಮೆರಾದಿಂದ ಅದನ್ನು ನೋಡಿ. ಬಹಳಷ್ಟು ಮೊಬೈಲ್‌ಗಳಲ್ಲಿ ನಸುನೇರಳೆಯ ಚುಕ್ಕೆಯಾಗಿ ಕಾಣುತ್ತದೆ.

ಇನ್ನೊಂದು ತೊಂದರೆ ನಮ್ಮ ಭಾಗದ ಗಾಡಿಗಳಲ್ಲಿಯೇ ಎದ್ದು ಕಾಣುವಂಥದು. ರಾತ್ರಿ ಓಡಿಸುವವರ ಬಾಯಲ್ಲಿ ಎಲೆಅಡಿಕೆ ಇರುತ್ತದೆ, ಇಲ್ಲವೇ ಸಣ್ಣ ಪೊಟ್ಟಣದ ತಂಬಾಕು. ಒಬ್ಬ ಚಾಲಕರ ಪಕ್ಕದಲ್ಲಿ ಕುಳಿತು ಸಾಧನವನ್ನು ಗಮನಿಸುತ್ತಿದ್ದಾಗ ಅವರು ಎಲೆ ಮಡಚಿ ಬಾಯಿಗಿಟ್ಟು ದವಡೆಗೆ ಸರಿಸಿದ ಕೂಡಲೇ ಅದು ಆಕಳಿಕೆ ಎಂದು ಕೂಗಿತು. ಅಗಿಯುವಾಗ ಮತ್ತೆ ಕೂಗಿತು. ಉಗುಳಲು ಕಿಟಕಿಯ ಕಡೆ ವಾಲಿದಾಗ ಗಮನ ರಸ್ತೆಯ ಮೇಲಿಲ್ಲ ಎಂದು ಕೂಗಿತು. ಆ ಕೊನೆಯದು ಮಾತ್ರ ನಿಜವಾದ ಎಚ್ಚರಿಕೆ. ಮೊದಲಿನವುಗಳಂಥ ಕೂಗು ಗಂಟೆಗೆ ಹಲವು ಸಲ ಕೇಳಿಬಂದರೆ ಯಾವ ಮನುಷ್ಯನಾದರೂ ಕ್ಯಾಮೆರಾಕ್ಕೆ ಟೇಪು ಅಂಟಿಸುತ್ತಾನೆ, ಮತ್ತು ಹಾಗೆ ಅಂಟಿಸಿದವನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಆಕಳಿಕೆಯ ಎಚ್ಚರಿಕೆಯನ್ನು ಪೂರ್ತಿ ಆರಿಸಿಬಿಡಿ, ಅಥವಾ ಸದ್ದಿಲ್ಲದೆ ದಾಖಲಾಗುವಂತೆ ಮಾಡಿ. ರೆಪ್ಪೆಯ ಎಚ್ಚರಿಕೆಯನ್ನು ಮಾತ್ರ ಯಾವ ಕಾರಣಕ್ಕೂ ಆರಿಸಬೇಡಿ. ಸೂಕ್ಷ್ಮತೆಯನ್ನು ಮಧ್ಯಮದಲ್ಲಿಟ್ಟು ಆರಂಭಿಸಿ, ಮೊದಲ ಕೆಲವು ವಾರ ಪ್ರತಿ ಕೂಗು ನಿಜವೋ ಹುಸಿಯೋ ಎಂದು ಚಾಲಕನಿಂದಲೇ ಕೇಳಿ ಬರೆದಿಟ್ಟು, ಅದರಂತೆ ಏರಿಸಿ ಇಳಿಸಿ.

ಎಚ್ಚರಿಕೆಯ ದನಿಯ ಬಗ್ಗೆ ಒಂದು ಮಾತು. ಹಲವು ಸಾಧನಗಳು ಚಾಲಕನಿಗೆ ಅರ್ಥವಾಗದ ಭಾಷೆಯಲ್ಲಿ ಉದ್ದುದ್ದ ವಾಕ್ಯ ಹೇಳುತ್ತವೆ. ಕನ್ನಡ ಇಲ್ಲದಿದ್ದರೆ ಮಾತನ್ನು ಬಂದ್ ಮಾಡಿ, ಚೂಪಾದ ಬೀಪ್ ಇಡಿ. ಸೀಟಿನಡಿ ಅದುರುವ ಮೋಟಾರ್ ಜೋಡಿಸಲು ಬರುವುದಾದರೆ ಎಂಜಿನ್ನಿನ ಸದ್ದಿಗೂ ಹಾಡಿನ ಸದ್ದಿಗೂ ಅದು ಸೋಲುವುದಿಲ್ಲ. ಪಕ್ಕದಲ್ಲಿ ಮಲಗಿದ ಎರಡನೆಯ ಚಾಲಕನ ನಿದ್ದೆಯನ್ನೂ ಕೆಡಿಸುವುದಿಲ್ಲ. ಆ ನಿದ್ದೆಯೂ ಅಷ್ಟೇ ಮುಖ್ಯ.

ಕೂಗಿದ ಮೇಲೆ

ರೆಪ್ಪೆಯ ಎಚ್ಚರಿಕೆ ಒಮ್ಮೆ ನಿಜವಾಗಿ ಬಂದಿತೆಂದರೆ ಲೆಕ್ಕ ಶುರುವಾಯಿತು. ಕಿಟಕಿ ಇಳಿಸುವುದು, ಹಾಡಿನ ಸದ್ದು ಏರಿಸುವುದು, ಮುಖಕ್ಕೆ ನೀರು ಹಾಕಿಕೊಳ್ಳುವುದು, ಮತ್ತೊಂದು ಎಲೆ ಹಾಕುವುದು, ಇವುಗಳ ಪರಿಣಾಮ ಕೆಲವೇ ನಿಮಿಷ. ಮುಂದೆ ಸಿಗುವ ಬೆಳಕಿರುವ ಪೆಟ್ರೋಲ್ ಬಂಕ್, ಧಾಬಾ, ಟೋಲ್ ಹತ್ತಿರದ ಲಾರಿ ನಿಲುಗಡೆ, ಇವುಗಳಲ್ಲಿ ಯಾವುದು ಮೊದಲು ಸಿಗುತ್ತದೋ ಅಲ್ಲಿ ನಿಲ್ಲಿಸಬೇಕು. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿದರೆ ಹಿಂದೆ ಬರುವ ಮತ್ತೊಬ್ಬ ನಿದ್ದೆಗಣ್ಣಿನವನಿಗೆ ಗುರಿಯಾದಂತೆ. ನಿಲ್ಲಲು ಯೋಗ್ಯವಾದ ಜಾಗಗಳನ್ನು ಹೊರಡುವ ಮುನ್ನವೇ ಗುರುತು ಮಾಡಿಟ್ಟುಕೊಂಡಿದ್ದರೆ ಆ ಹೊತ್ತಿನಲ್ಲಿ ಹುಡುಕುವ ಪಾಡಿಲ್ಲ. ಗಾಡಿ ಕೆಟ್ಟು ಹೆದ್ದಾರಿಯಲ್ಲಿಯೇ ನಿಲ್ಲಬೇಕಾಗಿ ಬಂದರೆ ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033 ಇದೆ.

ನಿಲ್ಲಿಸಿದ ಮೇಲೆ ಮಾಡಬೇಕಾದುದು ಇಷ್ಟು. ಮೊದಲು ಒಂದು ಗಟ್ಟಿ ಕಾಫಿ ಕುಡಿಯಬೇಕು, ಆಮೇಲೆ ಮೊಬೈಲಿನಲ್ಲಿ 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗಬೇಕು. ಕಾಫಿಯ ಕೆಫೀನ್ ಕೆಲಸ ಆರಂಭಿಸಲು ಸರಿಸುಮಾರು ಅಷ್ಟೇ ಹೊತ್ತು ಹಿಡಿಯುವುದರಿಂದ, ಏಳುವಾಗ ಎರಡರ ಫಲವೂ ಒಟ್ಟಿಗೆ ಸಿಗುತ್ತದೆ. ಬ್ರಿಟನ್ನಿನ ಲಫ್‌ಬರೋ ವಿಶ್ವವಿದ್ಯಾಲಯದ ಹಾರ್ನ್ ಮತ್ತು ರೇನರ್ ಎಂಬ ಸಂಶೋಧಕರು 1990ರ ದಶಕದಲ್ಲಿ ಚಾಲನೆಯ ಸಿಮ್ಯುಲೇಟರಿನಲ್ಲಿ ಈ ಉಪಾಯವನ್ನು ಪರೀಕ್ಷಿಸಿ ಫಲಕಾರಿ ಎಂದು ಕಂಡರು. ನಮ್ಮ ಧಾಬಾಗಳ ಸಣ್ಣ ಲೋಟದ ಚಹಾದಲ್ಲಿ ಕೆಫೀನ್ ಅಷ್ಟಿರುವುದಿಲ್ಲ, ಅದೊಂದನ್ನೇ ನಂಬಿ ಹೊರಡಬೇಡಿ. ಎದ್ದ ಕೂಡಲೇ ಸ್ಟೇರಿಂಗ್ ಹಿಡಿಯುವುದೂ ಸಲ್ಲದು. ಮಂಪರು ಹರಿಯಲು ಹತ್ತು ಹದಿನೈದು ನಿಮಿಷ ಬೇಕು, ಆ ಹೊತ್ತಿನಲ್ಲಿ ಟೈರು ನೋಡಲಿ, ಹಗ್ಗ ಬಿಗಿಯಲಿ. ಹೊರಟ ಮೇಲೆ ಒಂದೆರಡು ಗಂಟೆಯೊಳಗೆ ಎರಡನೆಯ ಎಚ್ಚರಿಕೆ ಬಂದರೆ ಕಿರುನಿದ್ದೆ ಸಾಲದು ಎಂದರ್ಥ. ಆಗ ಪ್ರಯಾಣ ಅಲ್ಲಿಗೆ ನಿಲ್ಲಬೇಕು. ನಾಲ್ಕೈದು ಗಂಟೆ ನಿದ್ದೆಯಾದ ಮೇಲೆಯೇ ಮುಂದಕ್ಕೆ.

ಶ್ರೀಶೈಲ, ಪಂಢರಪುರ, ತುಳಜಾಪುರ, ತಿರುಪತಿ ಎಂದು ಯಾತ್ರಿಕರನ್ನು ಒಯ್ಯುವ ಕ್ರೂಸರ್ ಚಾಲಕರ ಸ್ಥಿತಿಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಲೇಬೇಕು. ಅವರು ಒಂದು ರಾತ್ರಿ ಓಡಿಸಿ ಮುಟ್ಟಿಸುತ್ತಾರೆ, ಭಕ್ತರು ದರ್ಶನದ ಸಾಲಿನಲ್ಲಿರುವಾಗ ಬಿಸಿಲಿಗೆ ಕಾದ ಗಾಡಿಯಲ್ಲಿ ಹೊರಳಾಡುತ್ತಾರೆ, ಸಂಜೆ ಮತ್ತೆ ಹೊರಡುತ್ತಾರೆ. ಆ ಮರಳುವ ರಾತ್ರಿಗೆ ಕ್ಯಾಮೆರಾ ಎಷ್ಟು ಕೂಗಿದರೂ ಸಾಲುವುದಿಲ್ಲ. ಬಾಡಿಗೆ ಮಾತಾಡುವಾಗಲೇ ಚಾಲಕನಿಗೆ ಹಗಲು ಮಲಗಲು ಒಂದು ಕೋಣೆಯ ಬಾಡಿಗೆಯನ್ನು ಸೇರಿಸಿ ಕೇಳಿ. ಹನ್ನೆರಡು ಮಂದಿ ಹಂಚಿಕೊಂಡರೆ ಅದು ಯಾರಿಗೂ ಹೊರೆಯಾಗದು, ಕಾರಣ ಹೇಳಿದರೆ ಜನ ಒಪ್ಪುತ್ತಾರೆ.

ಮಾಲೀಕರು ಕೊಡಬೇಕಾದ ಮಾತು

ಚಾಲಕ ನಿಲ್ಲಿಸದಿರಲು ಬಹುತೇಕ ಒಂದೇ ಕಾರಣ, ತಡವಾದರೆ ಮಾಲೀಕ ಏನೆಂದಾನು ಎಂಬ ಹೆದರಿಕೆ. ಬೆಳಿಗ್ಗೆ ಬೆಂಗಳೂರಿನ ಮಾರುಕಟ್ಟೆ ತಪ್ಪಿದರೆ ದರ ಬೀಳುತ್ತದೆ, ಆ ನಷ್ಟ ತನ್ನ ಭತ್ಯೆಯಲ್ಲಿ ಕಡಿತವಾಗುತ್ತದೆ ಎಂದು ತಿಳಿದವನು ಎಷ್ಟು ಬೀಪ್ ಕೇಳಿದರೂ ನಿಲ್ಲಿಸಲಾರ. ಎಚ್ಚರಿಕೆ ಬಂದು ನಿಲ್ಲಿಸಿದ್ದಕ್ಕೆ ಆಗುವ ತಡಕ್ಕೆ ಒಂದು ರೂಪಾಯಿಯೂ ಕಡಿತವಿಲ್ಲ ಎಂದು ಬರೆದು ಕೊಡಿ, ಮಾಲು ಕಳುಹಿಸುವ ರೈತರಿಗೂ ವ್ಯಾಪಾರಿಗಳಿಗೂ ಅದನ್ನು ಮುಂಚೆಯೇ ತಿಳಿಸಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8, ವಾರಕ್ಕೆ 48 ಗಂಟೆಯ ದುಡಿಮೆ ಎಂಬ ಅಳತೆಯನ್ನು ಹಾಕಿ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕೆಂದು ಹೇಳಿತ್ತು. ನಿಮ್ಮಲ್ಲಿ ಎಷ್ಟೇ ಗಾಡಿ ಇರಲಿ, ಆ ಅಳತೆಯನ್ನು ಕನಿಷ್ಠವೆಂದು ಇಟ್ಟುಕೊಳ್ಳುವುದು ನ್ಯಾಯ.

ಕ್ಯಾಬಿನ್ನಿನ ದೃಶ್ಯ ಚಾಲಕನ ಖಾಸಗಿ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಅದೇ. ಏನು ದಾಖಲಾಗುತ್ತದೆ, ಯಾರು ನೋಡುತ್ತಾರೆ, ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಅವನ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಿರಿ. ಧ್ವನಿಯ ದಾಖಲೆಯನ್ನು ಬಂದ್ ಮಾಡಿ. ಎಚ್ಚರಿಕೆಯ ಆಚೀಚಿನ ಕೆಲವು ಸೆಕೆಂಡುಗಳ ತುಣುಕು ಮಾತ್ರ ಉಳಿಯುವಂತೆ ಮಾಡಿ. ತೂಕಡಿಸಿದ ಚಾಲಕನ ತುಣುಕನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿ ನಗುವ ಮಾಲೀಕರನ್ನು ಕಂಡು ನನಗೆ ಬಹಳ ನೋವಾಗಿದೆ. ಆ ಮನುಷ್ಯ ಅವರ ಮಾಲನ್ನು ಕಾಯುತ್ತಲೇ ಅಷ್ಟು ದಣಿದಿದ್ದ.

ರಾತ್ರಿ ಚೆನ್ನಾಗಿ ಮಲಗಿ ಎದ್ದವನಿಗೂ ಹಗಲಿನಲ್ಲಿ ಎಚ್ಚರಿಕೆಗಳು ಬರುತ್ತಿದ್ದರೆ ಸಾಧನವನ್ನು ಅನುಮಾನಿಸುವ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ಜೋರಾದ ಗೊರಕೆ, ಮಲಗಿದಾಗ ಉಸಿರು ಕಟ್ಟಿ ಬೆಚ್ಚಿ ಏಳುವುದು, ದಪ್ಪ ಕುತ್ತಿಗೆ, ಇವು ನಿದ್ರಾ ಉಸಿರುಗಟ್ಟುವಿಕೆಯ ಲಕ್ಷಣಗಳು, ಅದಕ್ಕೆ ಚಿಕಿತ್ಸೆಯಿದೆ. ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ನುಂಗುವ ಸೆಟ್ರಿಜಿನ್, ಕ್ಲೋರ್‌ಫೆನಿರಮಿನ್ ಮಾತ್ರೆಗಳೂ ನಿದ್ದೆ ತರುತ್ತವೆ ಎಂಬುದನ್ನು ಪ್ರತಿ ಚಾಲಕನೂ ತಿಳಿದಿರಬೇಕು.

ತಿಂಗಳಿಗೊಮ್ಮೆ ಸಾಧನದ ದಾಖಲೆಯನ್ನು ಚಾಲಕನ ಜೊತೆಯಲ್ಲಿಯೇ ಕುಳಿತು ತೆರೆದು, ನಿಜವಾದ ಎಚ್ಚರಿಕೆಗಳು ಯಾವ ಗಂಟೆಯಲ್ಲಿ, ಯಾವ ಊರಿನ ಆಸುಪಾಸಿನಲ್ಲಿ ಬಂದಿವೆ ಎಂದು ನೋಡಿ. ಅವು ಬೆಳಗಿನ ಜಾವಕ್ಕೆ, ಹೊಸಪೇಟೆ ದಾಟಿದ ಮೇಲೆ ಗುಂಪುಗೂಡಿವೆ ಎಂದಾದರೆ ಕ್ಯಾಮೆರಾದಲ್ಲಿ ತಿದ್ದಬೇಕಾದುದು ಏನೂ ಇಲ್ಲ. ತೋಟದ ಕಾಯುವ ಕೆಲಸಕ್ಕೆ ಬೇರೆಯವರನ್ನು ಇಟ್ಟು ಚಾಲಕನಿಗೆ ಮಧ್ಯಾಹ್ನ ಮನೆಯಲ್ಲಿ ಮೂರು ಗಂಟೆ ನಿದ್ದೆ ಸಿಗುವಂತೆ ಮಾಡಿ, ಹೊರಡುವ ಸಮಯವನ್ನು ಸಂಜೆ ಐದಕ್ಕೆ ಎಳೆಯಿರಿ, ಇಲ್ಲವೇ ಹೊಸಪೇಟೆಯಿಂದ ಮುಂದಕ್ಕೆ ಓಡಿಸಲು ಎರಡನೆಯ ಚಾಲಕನನ್ನು ಕಳುಹಿಸಿ. ಮುಂದಿನ ತಿಂಗಳು ಅದೇ ದಾಖಲೆಯನ್ನು ಮತ್ತೆ ತೆರೆದರೆ ಬದಲಾವಣೆ ಸಾಲುತ್ತದೋ ಇಲ್ಲವೋ ಎಂಬುದು ತಿಳಿಯುತ್ತದೆ.